ಸಣ್ಣ ಊರಿನ ಕಾಲೇಜು, ದೊಡ್ಡ ಊರಿನ ಪದವಿ

ಬೇಸಿಗೆಯ ರಜೆ ಮುಗಿದು ಕಾಲೇಜುಗಳ ಬಾಗಿಲು ತೆರೆಯುವ ದಿನಗಳಲ್ಲಿ, ಬೆಳಗಿನ ಏಳು ಗಂಟೆಯ ಹೊತ್ತಿಗೆ ಕೂಡ್ಲಿಗಿಯ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಸೀಮೆಯ ಮನೆಮನೆಯ ಚಿಂತೆ ಏನೆಂಬುದು ಕಣ್ಣಿಗೆ ಬೀಳುತ್ತದೆ. ಹೊಸಪೇಟೆಯ ಕಡೆಗೆ ಹೋಗುವ ಬಸ್ಸಿಗಾಗಿ ಕಾದು ನಿಂತ ತಂದೆಯರು. ಅವರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯ ಮಗ ಅಥವಾ ಎರಡು ಜಡೆಯ ಮಗಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಆ ಚೀಲದಲ್ಲಿ ಅಂಕಪಟ್ಟಿಗಳು, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಅರ್ಧ ಡಜನ್ ಫೋಟೋಗಳು. ಹೊಲದ ಪಹಣಿಯನ್ನು ಎಷ್ಟು ಜೋಪಾನವಾಗಿ ಹಿಡಿದುಕೊಳ್ಳುತ್ತಾರೋ ಅಷ್ಟೇ ಜೋಪಾನವಾಗಿ ಆ ಚೀಲವನ್ನು ಎದೆಗೆ ಅವಚಿಕೊಂಡಿರುತ್ತಾರೆ.

ಹಾಗೆ ನಿಂತಿದ್ದ ಒಬ್ಬ ಹಿರಿಯರು ಒಮ್ಮೆ ನನ್ನನ್ನು ಮಾತಿಗೆಳೆದರು. ಅವರ ಮಗ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದ್ದ. ಇಂಜಿನಿಯರಿಂಗ್ ಓದಬೇಕೆಂಬುದು ಹುಡುಗನ ಆಸೆ. ತಂದೆಯ ಪ್ರಶ್ನೆ ಒಂದೇ:

“ಮೂರು ವರ್ಷ ಓದ್ಯಾನ್ರಿ ಸಾಹೇಬ್ರೆ. ಅದು ಅಲ್ಲಿ ಲೆಕ್ಕಕ್ಕ ಬರ್ತತೋ ಇಲ್ಲೋ? ಅಷ್ಟು ಹೇಳ್ರಿ ಸಾಕು.”

ನಾನು ಉತ್ತರವನ್ನು ಅರ್ಧ ಹೇಳುವಷ್ಟರಲ್ಲಿ ಬಸ್ಸು ಬಂದಿತು. ತಂದೆ ಮಗ ಇಬ್ಬರೂ ಜನಜಂಗುಳಿಯಲ್ಲಿ ನುಗ್ಗಿ ಹತ್ತಿಕೊಂಡರು. ಉಳಿದ ಅರ್ಧ ಉತ್ತರ ನನ್ನ ಮೇಲೆ ಸಾಲವಾಗಿ ನಿಂತಿತು. ಆ ಸಾಲವನ್ನು ತೀರಿಸುವುದಕ್ಕೆಂದೇ ಈ ಲೇಖನ.

“ಪ್ರಥಮ ದರ್ಜೆ” ಎಂಬ ಹೆಸರಿನ ಹಿಂದೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ: ಈ ಐದು ಊರುಗಳ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಕೊಟ್ಟೂರೆಂದರೆ ಗುರು ಕೊಟ್ಟೂರೇಶ್ವರನ ರಥೋತ್ಸವ; ಹಡಗಲಿಯೆಂದರೆ ಮಲ್ಲಿಗೆ; ಹರಪನಹಳ್ಳಿಯೆಂದರೆ ಭೀಮವ್ವನ ದೇವರನಾಮಗಳು. ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅದರ ಆರು ತಾಲ್ಲೂಕುಗಳಲ್ಲಿ ಐದು ಇವೇ ಆದವು, ಆರನೆಯದು ಹೊಸಪೇಟೆ.

ಈ ಊರುಗಳ ಸರಕಾರಿ ಪದವಿ ಕಾಲೇಜುಗಳ ಫಲಕವನ್ನು ಓದಿದರೆ “ಪ್ರಥಮ ದರ್ಜೆ ಕಾಲೇಜು” ಎಂದಿರುತ್ತದೆ. ಪ್ರಥಮ ದರ್ಜೆ ಎಂದರೆ ಅಲ್ಲಿ ಓದಿದವರೆಲ್ಲ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುತ್ತಾರೆಂದು ಅರ್ಥವಲ್ಲ! ಅದು ಹಳೆಯ ಮದರಾಸು ಆಧಿಪತ್ಯದ ಕಾಲದಿಂದ ಉಳಿದು ಬಂದ ಮಾತು. ಆಗ ಎರಡು ಬಗೆಯ ಕಾಲೇಜುಗಳಿದ್ದವು. ಇಂಟರ್‌ಮೀಡಿಯೆಟ್‌ವರೆಗೆ ಮಾತ್ರ, ಅಂದರೆ ಎರಡು ವರ್ಷ ಮಾತ್ರ ಕಲಿಸುತ್ತಿದ್ದುದು ದ್ವಿತೀಯ ದರ್ಜೆಯ ಕಾಲೇಜು. ಬಿ.ಎ.ವರೆಗೂ ಕಲಿಸುತ್ತಿದ್ದುದು ಪ್ರಥಮ ದರ್ಜೆಯದು. ಸಣ್ಣ ಊರಿನ ಹುಡುಗ ಹತ್ತಿರದ ದ್ವಿತೀಯ ದರ್ಜೆಯ ಕಾಲೇಜಿನಲ್ಲಿ ಎರಡು ವರ್ಷ ಓದಿ, ಇಂಟರ್‌ಮೀಡಿಯೆಟ್ ಪಾಸು ಮಾಡಿಕೊಂಡು, ಉಳಿದ ಎರಡು ವರ್ಷಕ್ಕೆ ದೊಡ್ಡ ಊರಿಗೆ ಹೋಗುತ್ತಿದ್ದ. ಆದ್ದರಿಂದ ಅರ್ಧ ಓದನ್ನು ಇಲ್ಲಿ ಮುಗಿಸಿ ಉಳಿದರ್ಧವನ್ನು ಅಲ್ಲಿ ಮುಗಿಸುವುದು ಈ ಸೀಮೆಗೆ ಹೊಸದೇನೂ ಅಲ್ಲ. ತಾತಂದಿರ ಕಾಲದ ಪದ್ಧತಿಯೇ ಸರಿ.

ಇನ್ನೊಂದು ಸ್ವಾರಸ್ಯವುಂಟು. ಇಲ್ಲಿಯ ವಿದ್ಯಾರ್ಥಿ ಇದ್ದಲ್ಲಿಯೇ ಇದ್ದರೂ ವಿಶ್ವವಿದ್ಯಾನಿಲಯಗಳೇ ಬದಲಾಗುತ್ತ ಬಂದವು. ೧೯೪೫ರಲ್ಲಿ ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಆರಂಭವಾದಾಗ ಪದವಿ ಕೊಡುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯ. ೧೯೫೩ರ ಅಕ್ಟೋಬರ್ ೧ರಂದು ಈ ಭಾಗವು ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಕಾಲ. ೧೯೮೦ರಿಂದ ಗುಲಬರ್ಗಾ ವಿಶ್ವವಿದ್ಯಾನಿಲಯದ ಕಾಲ. ೨೦೧೦ರಲ್ಲಿ ಬಳ್ಳಾರಿಯಲ್ಲಿಯೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯ ಹುಟ್ಟಿತು. ಒಂದೇ ಮನೆಯ ಅಜ್ಜ, ತಂದೆ, ಮಗ, ಮೊಮ್ಮಗಳು ನಾಲ್ವರೂ ಬಳ್ಳಾರಿಯಲ್ಲಿ ಓದಿದ್ದರೂ ನಾಲ್ವರ ಪದವಿಪತ್ರದ ಮೇಲೆ ನಾಲ್ಕು ಮುದ್ರೆಗಳಿರುವುದು ಅಸಂಭವವೇನಲ್ಲ.

ಆದರೆ ಅಜ್ಜನ ಕಾಲದಲ್ಲಿ ಒಂದು ಸೌಕರ್ಯವಿತ್ತು. ಇಂಟರ್‌ಮೀಡಿಯೆಟ್ ಎಂಬುದು ಇಡಿಯಾದ ಒಂದು ಗಂಟು. ಪಾಸಾದರೆ ಪಾಸು, ಇಲ್ಲವಾದರೆ ಇಲ್ಲ. ಅದನ್ನು ಬಿಚ್ಚಿ, ಇದರಲ್ಲಿ ಎಷ್ಟು ಸೇರು ಗಣಿತವಿದೆ, ಎಷ್ಟು ಪಾವು ಇಂಗ್ಲಿಷಿದೆ ಎಂದು ಯಾರೂ ಅಳೆಯುತ್ತಿರಲಿಲ್ಲ. ಇಂದು ಅಳೆಯುತ್ತಾರೆ. ಆ ಅಳತೆಯ ಹೆಸರೇ ಕ್ರೆಡಿಟ್.

ಕ್ರೆಡಿಟ್ ಎಂದರೇನು?

ಕ್ರೆಡಿಟ್ಟಿಗೂ ಅಂಕಕ್ಕೂ ವ್ಯತ್ಯಾಸವಿದೆ. ಅನೇಕ ತಂದೆತಾಯಿಗಳು ಇದನ್ನು ಒಂದೇ ಎಂದು ತಿಳಿದಿದ್ದಾರೆ. ಹುಡುಗ ಎಷ್ಟು ಚೆನ್ನಾಗಿ ಓದಿದ ಎಂಬುದನ್ನು ಅಂಕ ಹೇಳುತ್ತದೆ. ಎಷ್ಟು ಓದಿದ ಎಂಬುದನ್ನು ಕ್ರೆಡಿಟ್ ಹೇಳುತ್ತದೆ. ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರ್ ಪೂರ್ತಿ, ಅಂದರೆ ಸುಮಾರು ೧೫ ಗಂಟೆ ಪಾಠ ಕೇಳಿ ಪರೀಕ್ಷೆ ಮುಗಿಸಿದರೆ ಒಂದು ಕ್ರೆಡಿಟ್. ಪ್ರಯೋಗಶಾಲೆಯ ಕೆಲಸವಾದರೆ ವಾರಕ್ಕೆ ಎರಡು ಗಂಟೆಗೆ ಒಂದು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೨೨ರಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ವರ್ಷಕ್ಕೆ ೪೦, ಮೂರು ವರ್ಷದ ಪದವಿಗೆ ೧೨೦, ನಾಲ್ಕು ವರ್ಷದ ಪದವಿಗೆ ೧೬೦.

ಈ ಪದ್ಧತಿ ಬೇರೂರಿ ಬೆಳೆದುದು ಅಮೆರಿಕೆಯಲ್ಲಿ. ಅಲ್ಲಿಯ ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬ ಊರಿನಲ್ಲಿ ೧೯೦೧ರಲ್ಲಿಯೇ ಎರಡು ವರ್ಷದ ಕಾಲೇಜೊಂದು ತೆರೆಯಿತು. ಮುಂದೆ ಇಂಥವಕ್ಕೆ ಸಮುದಾಯ ಕಾಲೇಜುಗಳೆಂಬ ಹೆಸರಾಯಿತು. ಮನೆಯಲ್ಲಿಯೇ ಊಟ ಮಾಡಿಕೊಂಡು, ಕಡಮೆ ಶುಲ್ಕದಲ್ಲಿ ಎರಡು ವರ್ಷ ಓದಿ, ಸುಮಾರು ೬೦ ಕ್ರೆಡಿಟ್ ಗಳಿಸಿ, ಉಳಿದ ೬೦ನ್ನು ವಿಶ್ವವಿದ್ಯಾನಿಲಯದಲ್ಲಿ ಗಳಿಸಿ ಪದವಿ ಪಡೆಯುವುದು ಅಲ್ಲಿಯ ಸಾಮಾನ್ಯ ಕುಟುಂಬಗಳ ದಾರಿ. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಈ ದಾರಿಯನ್ನು ಹಿಡಿಯುವುದುಂಟು.

ಕೇಳುವುದಕ್ಕೆ ಬಲು ಸುಲಭ. ಆದರೆ ೨೦೧೭ರಲ್ಲಿ ಅಮೆರಿಕದ ಸರಕಾರದ ಲೆಕ್ಕಪರಿಶೋಧನಾ ಸಂಸ್ಥೆಯು ಒಂದು ವರದಿಯನ್ನು ಹೊರತಂದಿತು. ೨೦೦೪ರಿಂದ ೨೦೦೯ರ ನಡುವೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗಳು ಸರಾಸರಿ ತಾವು ಗಳಿಸಿದ ಕ್ರೆಡಿಟ್ಟುಗಳಲ್ಲಿ ನೂರಕ್ಕೆ ೪೩ರಷ್ಟನ್ನು ದಾರಿಯಲ್ಲಿಯೇ ಕಳೆದುಕೊಂಡರೆಂದು ಅದರ ಅಂದಾಜು. ಪರೀಕ್ಷೆಯಲ್ಲಿ ಪಾಸಾಗಿದ್ದರು, ಶುಲ್ಕ ಕಟ್ಟಿದ್ದರು. ಆದರೂ ಹೊಸ ಸಂಸ್ಥೆಯು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇದು ನಮ್ಮ ಸಂತೆಯ ವ್ಯವಹಾರದಂತೆಯೇ ಇದೆ. ಮನೆಯಲ್ಲಿ ಅಳೆದು ತಂದ ಹತ್ತು ಸೇರು ಜೋಳ, ಸಂತೆಯಲ್ಲಿ ಕೊಳ್ಳುವವನ ಸೇರಿನಲ್ಲಿ ಒಂಬತ್ತೂವರೆಯಾಗುವುದುಂಟು. ಜೋಳ ಕಡಮೆಯಾಗಲಿಲ್ಲ, ಅಳೆಯುವ ಸೇರು ಬದಲಾಯಿತು. ವಿದ್ಯೆಯ ವಿಷಯದಲ್ಲಿಯೂ ಅಷ್ಟೆ: ಕೊಡುವ ಕಾಲೇಜು ಎಷ್ಟು ಅಳೆದು ಕೊಟ್ಟಿತು ಎಂಬುದಕ್ಕಿಂತ, ತೆಗೆದುಕೊಳ್ಳುವ ವಿಶ್ವವಿದ್ಯಾನಿಲಯ ಎಷ್ಟೆಂದು ಅಳೆಯುತ್ತದೆ ಎಂಬುದೇ ಮುಖ್ಯ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಐದು ತಾಲ್ಲೂಕುಗಳ ದಾರಿಗಳನ್ನು ನೋಡೋಣ.

ಪಾಲಿಟೆಕ್ನಿಕ್ಕಿನಿಂದ ಇಂಜಿನಿಯರಿಂಗಿಗೆ

ನಮ್ಮ ದೇಶದಲ್ಲಿಯೂ ಸಮುದಾಯ ಕಾಲೇಜು ಎಂಬ ಹೆಸರಿನ ಯೋಜನೆಯೊಂದು ೧೨ನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಬಂದಿತು. ಆದರೆ ಹೆಸರನ್ನು ಬದಿಗಿಟ್ಟು ಕೆಲಸವನ್ನು ನೋಡುವುದಾದರೆ, ನಮ್ಮಲ್ಲಿ ಆ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿರುವುದು ಪಾಲಿಟೆಕ್ನಿಕ್. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗ ಹತ್ತಿರದಲ್ಲಿಯೇ ಮೂರು ವರ್ಷ ಓದಿ ಡಿಪ್ಲೊಮಾ ಪಡೆಯುತ್ತಾನೆ. ಬೇಕಾದರೆ ಕೆಲಸಕ್ಕೆ ಸೇರಬಹುದು. ಬೇಕಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆಯನ್ನು ಬರೆದು, ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೇ ನೇರವಾಗಿ ಸೇರಬಹುದು. ಇದನ್ನೇ ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ; ಮುಂಬಾಗಿಲಿನಿಂದಲ್ಲ, ಪಕ್ಕದ ಬಾಗಿಲಿನಿಂದ ಪ್ರವೇಶ.

ಈಗ ಆ ಹಿರಿಯರ ಪ್ರಶ್ನೆಯನ್ನು ಲೆಕ್ಕ ಹಾಕಿ ನೋಡಬಹುದು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ೨೦೨೨ರ ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ಪದವಿಗೆ ಬೇಕಾದುದು ೧೬೦ ಕ್ರೆಡಿಟ್. ಡಿಪ್ಲೊಮಾ ಮುಗಿಸಿ ಬಂದವನು ಗಳಿಸಬೇಕಾದುದು ೧೨೦. ಅಂದರೆ ಪಾಲಿಟೆಕ್ನಿಕ್ಕಿನ ಮೂರು ವರ್ಷಕ್ಕೆ ವಿಶ್ವವಿದ್ಯಾನಿಲಯವು ಕೊಡುವ ಬೆಲೆ ೪೦ ಕ್ರೆಡಿಟ್, ಒಂದು ವರ್ಷ. “ಅಯ್ಯೋ, ಮೂರು ಹೋಗಿ ಒಂದಾಯಿತೆ!” ಎಂದು ಯಾರೂ ಮರುಗಬೇಕಾಗಿಲ್ಲ. ಎಸ್.ಎಸ್.ಎಲ್.ಸಿ.ಯ ಮುಂದೆ ಪಿ.ಯು.ಸಿ. ಎರಡು ವರ್ಷ, ಇಂಜಿನಿಯರಿಂಗ್ ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಇಂಜಿನಿಯರಿಂಗ್ ಮೂರು ವರ್ಷ, ಅದೂ ಆರು. ಎರಡು ದಾರಿಗಳೂ ಒಂದೇ ಊರನ್ನು ಒಂದೇ ಹೊತ್ತಿಗೆ ಮುಟ್ಟುತ್ತವೆ. ವ್ಯತ್ಯಾಸವೆಂದರೆ, ಡಿಪ್ಲೊಮಾದವನ ಕೈಯಲ್ಲಿ ನಡುದಾರಿಯಲ್ಲಿಯೇ ಹೊಟ್ಟೆಗೆ ಆಧಾರವಾಗುವ ಒಂದು ಪ್ರಮಾಣಪತ್ರವಿರುತ್ತದೆ. ಮಳೆಯನ್ನು ನಂಬಿದ ಸೀಮೆಯಲ್ಲಿ, ಯಾವ ವರ್ಷ ಮನೆಯ ಪರಿಸ್ಥಿತಿ ಹೇಗಾದೀತೋ ಹೇಳಲಾಗದ ಕುಟುಂಬಕ್ಕೆ ಇದು ಸಣ್ಣ ಮಾತೇನು?

ಐ.ಟಿ.ಐ. ಓದಿದ ಹುಡುಗನಿಗೂ ಈ ಏಣಿಯಲ್ಲಿ ಒಂದು ಮೆಟ್ಟಿಲುಂಟು. ಎರಡು ವರ್ಷದ ತರಬೇತಿ ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಎರಡು ವರ್ಷ ಐ.ಟಿ.ಐ., ಎರಡು ವರ್ಷ ಡಿಪ್ಲೊಮಾ, ಮೂರು ವರ್ಷ ಪದವಿ, ಒಟ್ಟು ಏಳು. ಒಂದು ವರ್ಷ ಹೆಚ್ಚಾಯಿತು, ನಿಜ. ಆದರೆ ಫಿಟ್ಟರ್ ಆಗಿ ಹೊರಟವನು ಇಂಜಿನಿಯರ್ ಆಗಿ ಮನೆಗೆ ಬಂದಂತಾಯಿತು.

ಎಲ್ಲಿ ಓದುವುದು? ಹೂವಿನಹಡಗಲಿಯಲ್ಲಿಯೇ ೨೦೦೭ರಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಉತ್ತರಕ್ಕೆ ಹೊಸಪೇಟೆ, ಬಳ್ಳಾರಿಗಳಲ್ಲಿ ಕಾಲೇಜುಗಳಿವೆ. ದಕ್ಷಿಣಕ್ಕೆ ದಾವಣಗೆರೆಯಲ್ಲಿ ೧೯೫೧ರಷ್ಟು ಹಿಂದೆಯೇ ತೆರೆದ ಬಿ.ಡಿ.ಟಿ. ಕಾಲೇಜಿದೆ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳು ಹೊಸಪೇಟೆ–ಹರಿಹರ ರೈಲುದಾರಿಯ ಮೇಲೆಯೇ ಇವೆ. ಕೂಡ್ಲಿಗಿ, ಹಡಗಲಿಗಳಿಗೆ ಬಸ್ಸೇ ಗತಿ.

ಸೊನ್ನೆ ಕ್ರೆಡಿಟ್ಟಿನ ಗಣಿತ

ಬಾಗಿಲು ತೆರೆದಿದೆಯೆಂದು ಕಣ್ಣು ಮುಚ್ಚಿ ನುಗ್ಗುವಂತಿಲ್ಲ. ಹೊಸ್ತಿಲುಗಳಿವೆ, ಎಡವಿದವರೂ ಇದ್ದಾರೆ.

ಮೊದಲನೆಯದು ಅಂಕದ ಹೊಸ್ತಿಲು. ಡಿಪ್ಲೊಮಾದಲ್ಲಿ ನೂರಕ್ಕೆ ೪೫, ಮೀಸಲು ವರ್ಗದವರಾದರೆ ೪೦ ಅಂಕಗಳಾದರೂ ಇರಬೇಕು. ಪಕ್ಕದ ಬಾಗಿಲಿನಿಂದ ಬರುವವರಿಗಾಗಿ ಇರುವ ಸ್ಥಾನಗಳೂ ಮಿತವಾದುವೇ. ಆದ್ದರಿಂದ “ಪಾಸಾದರೆ ಸಾಕು” ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಎರಡನೆಯದು ಗಣಿತ. ಡಿಪ್ಲೊಮಾದ ಹುಡುಗ ಲೇತ್ ಯಂತ್ರದ ಮುಂದೆ ನಿಂತರೆ ಪಿ.ಯು.ಸಿ.ಯಿಂದ ಬಂದವನಿಗಿಂತ ಎಷ್ಟೋ ಚುರುಕು. ಆದರೆ ಅವಕಲ ಸಮೀಕರಣಗಳ ಮುಂದೆ ಕುಳಿತಾಗ ಕಣ್ಣು ಕಟ್ಟಿದಂತಾಗುತ್ತದೆ. ಏಕೆಂದರೆ ಮೊದಲ ವರ್ಷದ ಗಣಿತವನ್ನು ಅವನು ಓದಿಯೇ ಇಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿ ತಾಂತ್ರಿಕ ವಿಶ್ವವಿದ್ಯಾನಿಲಯವು ೨೦೧೮ರ ಪಠ್ಯಕ್ರಮದಲ್ಲಿ ಇಂಥ ವಿದ್ಯಾರ್ಥಿಗಳಿಗೆಂದೇ ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ಹೆಚ್ಚುವರಿ ಗಣಿತದ ಎರಡು ಪತ್ರಿಕೆಗಳನ್ನು ಇಟ್ಟಿತು. ಅವಕ್ಕೆ ಕ್ರೆಡಿಟ್ ಸೊನ್ನೆ. “ಸೊನ್ನೆ ತಾನೆ, ಬಿಟ್ಟರಾಯಿತು” ಎಂದುಕೊಂಡವನು ಕೆಟ್ಟ. ಕ್ರೆಡಿಟ್ ಸೊನ್ನೆಯಾದರೂ ಅದರಲ್ಲಿ ತೇರ್ಗಡೆಯಾಗದೆ ಪದವಿ ಇಲ್ಲ! ಲೆಕ್ಕದಲ್ಲಿ ಸೊನ್ನೆಯಾದ ಪತ್ರಿಕೆಯೇ ಪದವಿಯ ಬೀಗದ ಕೈಯಾಗಿ ಕುಳಿತಿರುತ್ತದೆ. ಆದ್ದರಿಂದ ಡಿಪ್ಲೊಮಾದ ಕೊನೆಯ ಪರೀಕ್ಷೆ ಮುಗಿದ ಮೇಲೆ ಸಿಗುವ ಬಿಡುವಿನಲ್ಲಿ, ಪಿ.ಯು.ಸಿ. ವಿಜ್ಞಾನದ ಗಣಿತ ಪುಸ್ತಕವನ್ನು ಓರಗೆಯ ಹುಡುಗನಿಂದ ಎರವಲು ತಂದು ದಿನಕ್ಕೆ ಒಂದು ಗಂಟೆ ಕುಳಿತರೆ ಅದು ಮುಂದಿನ ಎರಡು ವರ್ಷ ಕಾಯುತ್ತದೆ.

ಮೂರನೆಯದು ಚಟುವಟಿಕೆಯ ಅಂಕಗಳು. ತರಗತಿಯ ಹೊರಗೆ ಸಮಾಜಕ್ಕೆ ಉಪಯೋಗವಾಗುವ ಕೆಲಸಗಳನ್ನು ಮಾಡಿ, ಮೊದಲ ವರ್ಷದಿಂದ ಓದಿದವರು ೧೦೦ ಅಂಕ, ಎರಡನೆಯ ವರ್ಷಕ್ಕೆ ಬಂದವರು ೭೫ ಅಂಕ ಗಳಿಸಬೇಕೆಂಬ ನಿಯಮ ೨೦೧೮ರ ಪಠ್ಯಕ್ರಮದಿಂದ ಬಂದಿತು. ಪರೀಕ್ಷೆಯ ಫಲಿತಾಂಶದಲ್ಲಿ ಇವು ಸೇರುವುದಿಲ್ಲ. ಆದರೆ ಇವಿಲ್ಲದೆ ಪದವಿಯೂ ಇಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಎಚ್ಚರಗೊಂಡು ಓಡಾಡುವುದಕ್ಕಿಂತ, ಸೇರಿದ ವರ್ಷದಿಂದಲೇ ಸ್ವಲ್ಪ ಸ್ವಲ್ಪವಾಗಿ ಕೂಡಿಹಾಕುವುದು ಜಾಣತನ.

ಪಠ್ಯಕ್ರಮಗಳು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಸ್ವಾಯತ್ತ ಕಾಲೇಜುಗಳು ತಮ್ಮದೇ ಏರ್ಪಾಡು ಮಾಡಿಕೊಂಡಿರುತ್ತವೆ. ಆದ್ದರಿಂದ ಅಣ್ಣನಿಗೆ ಇದ್ದ ನಿಯಮವೇ ತಮ್ಮನಿಗೂ ಇದೆಯೆಂದು ನಂಬಬಾರದು. ಸೇರುವ ವರ್ಷದ ನಿಯಮವನ್ನು ಸೇರುವ ಕಾಲೇಜಿನಲ್ಲಿಯೇ ಕೇಳಬೇಕು.

ಕ್ರೆಡಿಟ್ಟಿನ ಬ್ಯಾಂಕು

ಇನ್ನು ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಓದುವ ಮಕ್ಕಳ ಮಾತು. ತಂದೆಗೆ ವರ್ಗವಾಯಿತೆಂದೋ, ಮದುವೆಯಾಯಿತೆಂದೋ, ಮನೆಯಲ್ಲಿ ಹಿರಿಯರಿಗೆ ಆರೋಗ್ಯ ಕೆಟ್ಟಿತೆಂದೋ ನಡುವೆ ಕಾಲೇಜು ಬದಲಿಸಬೇಕಾದ ಪ್ರಸಂಗ ಬರುತ್ತದೆ. ಇಂಥವರಿಗಾಗಿಯೇ ಅನುದಾನ ಆಯೋಗವು ೨೦೨೧ರ ಜುಲೈ ತಿಂಗಳಲ್ಲಿ ಕ್ರೆಡಿಟ್ಟುಗಳ ಬ್ಯಾಂಕೊಂದನ್ನು ತೆರೆಯಿತು. ವಿದ್ಯಾರ್ಥಿ ಡಿಜಿಲಾಕರ್ ಮೂಲಕ ಅದರಲ್ಲಿ ಖಾತೆ ತೆರೆಯುತ್ತಾನೆ. ಗಳಿಸಿದ ಕ್ರೆಡಿಟ್ಟುಗಳನ್ನು ಕಾಲೇಜು ಅಲ್ಲಿ ಜಮಾ ಮಾಡುತ್ತದೆ. ಜಮೆಯಾದದ್ದು ಸಾಮಾನ್ಯವಾಗಿ ಏಳು ವರ್ಷದವರೆಗೆ ಚಲಾವಣೆಯಲ್ಲಿರುತ್ತದೆ. ಒಂದು ಪದವಿಗೆ ಬಳಸಿದ ಕ್ರೆಡಿಟ್ಟನ್ನು ಇನ್ನೊಂದಕ್ಕೆ ಬಳಸುವಂತಿಲ್ಲ; ಖರ್ಚಾದ ಹಣ ಖರ್ಚಾದಂತೆಯೇ.

ಆದರೆ ಹಣದ ಬ್ಯಾಂಕಿಗೂ ಈ ಬ್ಯಾಂಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನೂರು ರೂಪಾಯಿ ಕೊಟ್ಟೂರಿನಲ್ಲಿಯೂ ನೂರೇ, ಬೆಂಗಳೂರಿನಲ್ಲಿಯೂ ನೂರೇ. ಕ್ರೆಡಿಟ್ ಹಾಗಲ್ಲ. ಬ್ಯಾಂಕು ಅದನ್ನು ಕಾಪಾಡಿಕೊಡುತ್ತದೆ, ಅಷ್ಟೆ; ಒಪ್ಪಿಕೊಳ್ಳುವ ಅಧಿಕಾರ ಪದವಿ ಕೊಡುವ ಸಂಸ್ಥೆಯದು. ಅಲ್ಲದೆ ೨೦೨೧ರ ಆ ನಿಯಮಾವಳಿಯ ಪ್ರಕಾರ, ಪದವಿ ಕೊಡುವ ಸಂಸ್ಥೆಯಲ್ಲಿಯೇ ಅರ್ಧದಷ್ಟಾದರೂ ಕ್ರೆಡಿಟ್ಟುಗಳನ್ನು ಗಳಿಸಿರಬೇಕು.

ನಮ್ಮ ರಾಜ್ಯದಲ್ಲಿ ಇದರ ಜತೆಗೆ ಇನ್ನೊಂದು ತೊಡಕು ಸೇರಿತು. ೨೦೨೧–೨೨ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯ ಏರ್ಪಾಡು ಬಂದಿತು. ೨೦೨೪–೨೫ರಲ್ಲಿ ರಾಜ್ಯ ಸರಕಾರವು ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಯಾವುದು ಒಳ್ಳೆಯದೆಂಬ ಚರ್ಚೆ ಇಲ್ಲಿ ಬೇಡ. ಆದರೆ ಸಾಮಾನ್ಯ ಕುಟುಂಬ ತಿಳಿಯಬೇಕಾದ ಮಾತು ಇದು: ೨೦೨೨ರಲ್ಲಿ ಒಂದು ವರ್ಷ ಓದಿ, ಕಷ್ಟದಿಂದ ಬಿಟ್ಟು, ಈಗ ಮರಳಿ ಸೇರಲು ಬರುವ ಹುಡುಗಿ, ತಾನು ಬಿಟ್ಟುಹೋದ ಪಠ್ಯಕ್ರಮವೇ ಅಲ್ಲಿಲ್ಲವೆಂಬುದನ್ನು ಕಾಣುತ್ತಾಳೆ. ಅವಳು ಓದಿದ ಪತ್ರಿಕೆಗಳು ಹೊಸ ಪಠ್ಯಕ್ರಮದ ಯಾವ ಪತ್ರಿಕೆಗಳಿಗೆ ಸಮ ಎಂಬುದನ್ನು ವಿಶ್ವವಿದ್ಯಾನಿಲಯ ತೀರ್ಮಾನಿಸಬೇಕು.

ನಮ್ಮ ಮನೆಯ ಕಥೆ

ಪರರ ಮಾತೇಕೆ, ನಮ್ಮ ಮನೆಯದೇ ಹೇಳುತ್ತೇನೆ. ನಮ್ಮಕ್ಕನ ಮಗಳು ೨೦೨೧ರಲ್ಲಿ ಈ ಭಾಗದ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ.ಗೆ ಸೇರಿದಳು. ವರ್ಷ ತುಂಬುವಷ್ಟರಲ್ಲಿ ಭಾವನವರಿಗೆ ಬೆಂಗಳೂರಿಗೆ ವರ್ಗವಾಯಿತು. ಅಲ್ಲಿಯ ಕಾಲೇಜೊಂದಕ್ಕೆ ದೂರವಾಣಿಯಲ್ಲಿ ಕೇಳಿದಾಗ, ಕಚೇರಿಯವರೊಬ್ಬರು “ಬನ್ನಿ, ಎಲ್ಲ ಆಗುತ್ತದೆ” ಎಂದರು. ಆ ಒಂದು ಮಾತನ್ನು ನಂಬಿ ಇಲ್ಲಿಯ ವರ್ಗಾವಣೆ ಪತ್ರವನ್ನು ತೆಗೆದುಕೊಂಡು ಹೋದರು.

ಅಲ್ಲಿ ಹೋಗಿ ನೋಡಿದರೆ ವಿಶ್ವವಿದ್ಯಾನಿಲಯ ಬೇರೆ. ಅವಳು ಆರಿಸಿಕೊಂಡಿದ್ದ ಎರಡು ಮುಖ್ಯ ವಿಷಯಗಳ ಜೋಡಿ ಆ ಕಾಲೇಜಿನಲ್ಲಿರಲೇ ಇಲ್ಲ. ಒಂದು ವಿಷಯ ಒಪ್ಪಿಗೆಯಾಯಿತು. ಇನ್ನೊಂದನ್ನು ಬಿಟ್ಟು ಹೊಸ ವಿಷಯ ಹಿಡಿದು, ಅದರ ಮೊದಲ ವರ್ಷದ ಪತ್ರಿಕೆಗಳನ್ನು ಎರಡನೆಯ ವರ್ಷದ ಪಾಠಗಳ ಜತೆಯಲ್ಲಿಯೇ ಓದಬೇಕಾಯಿತು. ಹಗಲು ಒಂದು, ರಾತ್ರಿ ಇನ್ನೊಂದು. ಎರಡು ಪತ್ರಿಕೆಗಳು ಉಳಿದವು. ಅವನ್ನು ಮುಗಿಸುವಷ್ಟರಲ್ಲಿ ಮೂರು ವರ್ಷದ ಓದು ನಾಲ್ಕಾಯಿತು. ಪದವಿ ಬಂದದ್ದು ೨೦೨೫ರಲ್ಲಿ.

“ನಾನು ಫೇಲಾದದ್ದು ಯಾವುದರಲ್ಲಿ, ಮಾವ? ಅಲ್ಲಿ ಓದಿದ್ದನ್ನೆಲ್ಲ ಪಾಸು ಮಾಡಿದ್ದೆನಲ್ಲ?” ಎಂದು ಅವಳು ಒಂದು ದಿನ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಫೇಲಾಗಿರಲಿಲ್ಲ, ಕೇಳಬೇಕಾದುದನ್ನು ಕೇಳಬೇಕಾದ ಹೊತ್ತಿನಲ್ಲಿ ಕೇಳದೆ ಹಿರಿಯರಾದ ನಾವು ಫೇಲಾಗಿದ್ದೆವು. ಅಕ್ಕ ಆ ಒಂದು ವರ್ಷದ ಮಾತನ್ನು ಇಂದಿಗೂ ಎತ್ತುವುದಿಲ್ಲ. ಎತ್ತದೆ ಇರುವುದರಲ್ಲಿಯೇ ಎಲ್ಲವೂ ಇದೆ.

ಗಂಟು ಕಟ್ಟುವ ಮುನ್ನ

ಹಾಗಾದರೆ ಮಾಡಬೇಕಾದುದೇನು? ಕಷ್ಟದ ಕೆಲಸವೇನೂ ಅಲ್ಲ. ಕ್ರಮ ತಪ್ಪಬಾರದು, ಅಷ್ಟೆ.

ಇದ್ದ ಕಾಲೇಜನ್ನು ಬಿಡುವ ಮುನ್ನ ಹೋಗುವ ಕಾಲೇಜನ್ನು ಕೇಳಬೇಕು. ಬಾಯಿಮಾತಿನಲ್ಲಿ ಕೇಳಿದರೆ ಸಾಲದು. ಅಂಕಪಟ್ಟಿಯ ಪ್ರತಿಯನ್ನೂ ಓದಿದ ಪತ್ರಿಕೆಗಳ ಪಠ್ಯಕ್ರಮವನ್ನೂ ಜತೆಗಿಟ್ಟು ಅರ್ಜಿ ಕೊಟ್ಟು, ಯಾವ ಪತ್ರಿಕೆಗಳನ್ನು ಒಪ್ಪುವಿರಿ, ಯಾವುದನ್ನು ಮತ್ತೆ ಬರೆಯಬೇಕು ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಪಠ್ಯಕ್ರಮದ ಪುಸ್ತಿಕೆಯನ್ನು ಪರೀಕ್ಷೆ ಮುಗಿದೊಡನೆ ರದ್ದಿಗೆ ಹಾಕುವ ವಾಡಿಕೆ ನಮ್ಮಲ್ಲಿದೆ. ಅದನ್ನು ಮಾಡಬಾರದು. ಪತ್ರಿಕೆಯ ಹೆಸರನ್ನಷ್ಟೇ ಅಂಕಪಟ್ಟಿ ಹೇಳುತ್ತದೆ. ಅದರಲ್ಲಿ ಏನನ್ನು ಓದಿದೆ ಎಂಬುದನ್ನು ಹೇಳುವುದು ಆ ಪುಸ್ತಿಕೆಯೇ.

ಒಪ್ಪಿಗೆ ಕೈಸೇರಿದ ಮೇಲೆ ಎರಡೂ ಕಡೆಯ ನಿರಾಕ್ಷೇಪಣಾ ಪತ್ರ, ಆಮೇಲೆ ವರ್ಗಾವಣೆ ಪತ್ರ, ವಿಶ್ವವಿದ್ಯಾನಿಲಯವೇ ಬೇರೆಯಾ­ದರೆ ವಲಸೆ ಪ್ರಮಾಣಪತ್ರ. ಕ್ರೆಡಿಟ್ ಬ್ಯಾಂಕಿನ ಖಾತೆಯಲ್ಲಿ ಪ್ರತಿ ಸೆಮಿಸ್ಟರೂ ಜಮೆಯಾಗಿದೆಯೇ ಎಂಬುದನ್ನು ಹಳೆಯ ಕಾಲೇಜಿನಲ್ಲಿರುವಾಗಲೇ ನೋಡಿಕೊಳ್ಳಬೇಕು. ಊರು ಬಿಟ್ಟ ಮೇಲೆ ಒಂದು ಸಹಿಗಾಗಿ ಮೂರು ಸಲ ಬಸ್ಸು ಹತ್ತಬೇಕಾದೀತು.

ಈ ತಾಲ್ಲೂಕುಗಳ ಮಕ್ಕಳು ಮರೆಯಬಾರದ ಇನ್ನೊಂದು ಕಾಗದವಿದೆ. ಸಂವಿಧಾನದ ೩೭೧(ಜೆ) ವಿಧಿಯಂತೆ ೨೦೧೩ರಿಂದ ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ೭೦, ರಾಜ್ಯದ ಉಳಿದ ಕಡೆ ನೂರಕ್ಕೆ ೮ ಸ್ಥಾನಗಳು ಈ ಭಾಗದವರಿಗೆ ಮೀಸಲು. ಹರಪನಹಳ್ಳಿಯವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ೧೯೯೭ರಲ್ಲಿ ಆ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿದುದರಿಂದ, ವಿಧಿ ಬಂದಾಗ ಅದರ ಹೊರಗುಳಿಯಿತು. ೨೦೧೮ರಲ್ಲಿ ಮರಳಿ ಬಳ್ಳಾರಿಯ ಕಡೆಗೆ ಬರುವ ತೀರ್ಮಾನವಾಗುವವರೆಗೆ ಜನ ಹೋರಾಡಬೇಕಾಯಿತು. ಗಡಿಯ ಗೆರೆಯೊಂದು ಸ್ವಲ್ಪ ಸರಿದರೆ ಮಕ್ಕಳ ಸ್ಥಾನಗಳೂ ಸರಿಯುತ್ತವೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಉಪವಿಭಾಗಾಧಿಕಾರಿಗಳಿಂದ ಪಡೆಯುವ ಆ ಪ್ರಮಾಣಪತ್ರವನ್ನು ಪ್ರವೇಶದ ಗಡಿಬಿಡಿ ಆರಂಭವಾಗುವ ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಮನೆಯಲ್ಲಿ ಪಾಲಿಟೆಕ್ನಿಕ್ಕಿಗೆ ಹೋಗುವ ಮಗನನ್ನೋ ಮಗಳನ್ನೋ “ಪಿ.ಯು.ಸಿ. ಸಿಗಲಿಲ್ಲ, ಇದಕ್ಕೆ ಸೇರಿಸಿದೆವು” ಎಂದು ನೆಂಟರ ಮುಂದೆ ಹೇಳಬೇಡಿ. ಪಕ್ಕದ ಬಾಗಿಲೂ ಅದೇ ಮನೆಯ ಬಾಗಿಲು. ಒಳಗೆ ಹೋದ ಮೇಲೆ ಯಾರು ಯಾವ ಬಾಗಿಲಿನಿಂದ ಬಂದರೆಂದು ಪದವಿಪತ್ರ ಹೇಳುವುದಿಲ್ಲ.

ಕೂಡ್ಲಿಗಿಯ ಆ ಹಿರಿಯರು ಈ ಪುಟವನ್ನು ಓದುವರೋ ಇಲ್ಲವೋ ನಾನರಿಯೆ. ಓದಿದರೆ, ಅಂದು ಬಸ್ಸಿನ ಸದ್ದಿನಲ್ಲಿ ಉಳಿದುಹೋದ ಅರ್ಧ ಉತ್ತರ ಇದು: ಯಜಮಾನರೇ, ನಿಮ್ಮ ಮಗ ಓದಿದ ಮೂರು ವರ್ಷ ಲೆಕ್ಕಕ್ಕೆ ಬರುತ್ತದೆ. ಒಂದು ದಿನವೂ ದಂಡವಾಗುವುದಿಲ್ಲ. ಆದರೆ ಅಲ್ಲಿಯ ಸೇರಿನಲ್ಲಿ ಅದು ಎಷ್ಟಾಗುತ್ತದೆಂಬುದನ್ನು ಮೊದಲೇ ಕೇಳಿ, ಬರೆಸಿಕೊಂಡು ಬನ್ನಿ. ಮತ್ತು ಹುಡುಗನಿಗೆ ಒಂದು ಗಣಿತದ ಪುಸ್ತಕ ಕೊಡಿಸಿ.